ಯಾವ ಝೈನಬ್?

ಮಗು ಹುಟ್ಟಿದ ಏಳನೆಯ ದಿನ ಅಕೀಕಾ ನೆರವೇರಿಸಿ ಹೆಸರಿಡುವುದು ಪ್ರವಾದಿವರ್ಯರ(ಸ) ಸುನ್ನತ್. ಆ ದಿನ ಹತ್ತಿರ ಬಂದಂತೆ ನಮ್ಮ ಮನೆಗಳಲ್ಲಿ ದೊಡ್ಡ ಚರ್ಚೆಯೇ ನಡೆಯುತ್ತದೆ. ಹೆಸರು ಹೊಸತಾಗಿರಬೇಕು, ಊರಿನಲ್ಲಿ ಇನ್ನಾರಿಗೂ ಇರಬಾರದು, ಕರೆಯಲು ಚಂದವಿರಬೇಕು, ಅರ್ಥವಂತೂ ಬಹಳ ದೊಡ್ಡದಾಗಿರಬೇಕು ಎಂದು ಬೇಡಿಕೆಗಳು ಬೆಳೆಯುತ್ತವೆ. ನಡುವೆ ಅಜ್ಜಿಯೊಬ್ಬರು ‘ನನ್ನ ತಾಯಿಯ ಹೆಸರಿಡಿ, ಝೈನಬ್ ಎಂದು ಕರೆಯಿರಿ’ ಎಂದರೆ ‘ಅದು ಹಳೆಯ ಕಾಲದ ಹೆಸರಲ್ಲವೇ?’ ಎಂಬ ಉತ್ತರ ಬರುತ್ತದೆ.

ಹಳೆಯ ಕಾಲದ ಹೆಸರು ಎಂಬುದು ನಿಜ. ಅದಕ್ಕೆ ಹದಿನಾಲ್ಕು ಶತಮಾನಗಳಿಗಿಂತಲೂ ಹೆಚ್ಚು ವಯಸ್ಸಾಗಿದೆ. ಆದರೆ ಆ ಹೆಸರನ್ನು ಹೊತ್ತವರು ಯಾರು, ಅವರು ಹೇಗೆ ಬಾಳಿದರು, ಪ್ರವಾದಿವರ್ಯರು(ಸ) ತಾವೇ ಆ ಹೆಸರನ್ನು ಆರಿಸಿ ಇಟ್ಟದ್ದೇಕೆ ಎಂಬುದನ್ನು ತಿಳಿದವರಿಗೆ ಅದನ್ನು ಬದಿಗಿಡಲು ಮನಸ್ಸು ಬರಲಾರದು. ಅಷ್ಟೇ ಅಲ್ಲ, ಮಕ್ಕಳ ಹೆಸರಿನಿಂದ ನಾವು ಏನನ್ನು ನಿರೀಕ್ಷಿಸಬೇಕು, ಏನನ್ನು ನಿರೀಕ್ಷಿಸಬಾರದು ಎಂಬ ಪಾಠವೂ ಈ ಒಂದು ಹೆಸರಿನಲ್ಲಿದೆ.

ಪದದ ಮೂಲ

ಝೈನಬ್ ಶುದ್ಧ ಅರಬೀ ಹೆಸರು. ಇಸ್ಲಾಮಿಗಿಂತ ಮುಂಚೆಯೇ ಅರಬರಲ್ಲಿ ಬಳಕೆಯಲ್ಲಿತ್ತು. ಪ್ರವಾದಿತ್ವ ಲಭಿಸುವುದಕ್ಕಿಂತ ಮುಂಚೆ ಹುಟ್ಟಿದ ತಮ್ಮ ಹಿರಿಯ ಮಗಳಿಗೆ ಪ್ರವಾದಿವರ್ಯರು(ಸ) ಮತ್ತು ಹ. ಖದೀಜಾ(ರ) ಇಟ್ಟದ್ದು ಇದೇ ಹೆಸರು.

ಇದರ ಮೂಲದ ಬಗ್ಗೆ ನಿಘಂಟುಕಾರರು ಒಂದಕ್ಕಿಂತ ಹೆಚ್ಚು ಅಭಿಪ್ರಾಯಗಳನ್ನು ಕೊಟ್ಟಿದ್ದಾರೆ. ಅವುಗಳಲ್ಲಿ ಎರಡು ಹೆಚ್ಚು ಪ್ರಸಿದ್ಧ. ಮೊದಲನೆಯದರ ಪ್ರಕಾರ ‘ಝೈನಬ್’ ಎಂದರೆ ನೋಡಲು ಚೆಲುವಾದ, ಸುವಾಸನೆಯುಳ್ಳ ಒಂದು ಗಿಡ. ಇಬ್ನು ಮನ್ಝೂರರ ‘ಲಿಸಾನುಲ್ ಅರಬ್’ ಎಂಬ ಮಹಾ ನಿಘಂಟಿನಲ್ಲಿ ಈ ವಿವರಣೆಯಿದೆ. ಎರಡನೆಯದರ ಪ್ರಕಾರ ‘ಝೈನ್’ ಮತ್ತು ‘ಅಬ್’ ಎಂಬ ಎರಡು ಪದಗಳು ಕೂಡಿ ಈ ಹೆಸರಾಗಿದೆ. ಝೈನ್ ಎಂದರೆ ಅಲಂಕಾರ, ಅಬ್ ಎಂದರೆ ತಂದೆ. ಹಾಗಾಗಿ ಝೈನಬ್ ಎಂದರೆ ತಂದೆಯ ಅಲಂಕಾರ. ಫೀರೋಝಾಬಾದಿಯವರ ‘ಅಲ್ ಕಾಮೂಸುಲ್ ಮುಹೀತ್’ ಈ ಎರಡು ಅರ್ಥಗಳನ್ನೂ ಹೇಳುತ್ತದೆ.

ಹೆಣ್ಣು ಮಗು ಹುಟ್ಟಿತೆಂಬ ಸುದ್ದಿ ಕೇಳಿ ಮುಖ ಕಪ್ಪಿಡುತ್ತಿದ್ದ ತಂದೆಯರನ್ನು ಕುರ್‌ಆನ್ ‘ಅನ್ನಹ್ಲ್’ ಅಧ್ಯಾಯದಲ್ಲಿ ಖಂಡಿಸಿದೆ. ಅಂಥವರಿದ್ದ ನಾಡಿನಲ್ಲೇ ಮಗಳನ್ನು ‘ತಂದೆಯ ಅಲಂಕಾರ’ ಎಂದು ಕೇಳಿಸುವ ಹೆಸರಿನಿಂದ ಕರೆದವರೂ ಇದ್ದರು. ಮಗಳೆಂದರೆ ಹೊರೆ ಎನ್ನುವವರು ಇಂದೂ ಇದ್ದಾರೆ. ಅವರು ಈ ಹೆಸರಿನ ಅರ್ಥವನ್ನು ಒಮ್ಮೆ ಮನಸ್ಸಿಟ್ಟು ಯೋಚಿಸಬೇಕು.

ಇಸ್ಲಾಮ್ ಹರಡಿದಲ್ಲೆಲ್ಲ ಈ ಹೆಸರೂ ಹೋಯಿತು. ತುರ್ಕಿಯಲ್ಲಿ ಅದು ‘ಝೈನೆಪ್’ ಆಯಿತು. ಕೇರಳದಲ್ಲಿ ‘ಸೈನಬ’ ಆಯಿತು. ನಮ್ಮ ಕಡೆ ಝೈನಬಾ, ಜೈನಾಬಿ, ಜೈನಬೀ ಎಂದೆಲ್ಲ ಕರೆಯುತ್ತಾರೆ. ಬಾಯಿಗೆ ತಕ್ಕಂತೆ ಉಚ್ಚಾರ ಬದಲಾದರೂ ಹೆಸರು ಒಂದೇ.

ಬರ್ರಾ ಝೈನಬ್ ಆದದ್ದು

ಈಗ ಮುಖ್ಯ ವಿಷಯಕ್ಕೆ ಬರೋಣ. ಪ್ರವಾದಿವರ್ಯರು(ಸ) ಕೆಲವರ ಹೆಸರುಗಳನ್ನು ಬದಲಿಸಿದ್ದರು. ಅವುಗಳಲ್ಲಿ ಹೆಚ್ಚಿನವು ಕೆಟ್ಟ ಅರ್ಥದ ಹೆಸರುಗಳು. ‘ಆಸಿಯಾ’ ಎಂಬ ಹೆಸರಿನವರನ್ನು ‘ಜಮೀಲಾ’ ಎಂದು ಕರೆದರು. ಇಲ್ಲಿ ಆಸಿಯಾ ಎಂದರೆ ಆಜ್ಞೆ ಮೀರುವವಳು. ಫಿರ್‌ಔನನ ಪತ್ನಿ ಆಸಿಯಾರ ಹೆಸರಿನ ಅರಬೀ ಅಕ್ಷರಗಳೇ ಬೇರೆ, ಎರಡನ್ನೂ ಬೆರೆಸಬಾರದು.

ಆದರೆ ಒಳ್ಳೆಯ ಅರ್ಥದ ಒಂದು ಹೆಸರನ್ನೂ ಅವರು ಬದಲಿಸಿದರು. ಅದು ‘ಬರ್ರಾ’. ಬರ್ರಾ ಎಂದರೆ ಪುಣ್ಯವತಿ, ಸದಾಚಾರಿಣಿ. ಇದಕ್ಕಿಂತ ಒಳ್ಳೆಯ ಅರ್ಥ ಬೇರೆ ಯಾವುದಿದೆ? ಆದರೂ ಪ್ರವಾದಿವರ್ಯರು(ಸ) ಅದನ್ನು ಇಷ್ಟಪಡಲಿಲ್ಲ. ಹ. ಝೈನಬ್ ಬಿನ್ತ್ ಜಹಶ್‌ರ(ರ) ಮೊದಲ ಹೆಸರು ಬರ್ರಾ. ಹ. ಉಮ್ಮು ಸಲಮಾರ(ರ) ಮಗಳ ಮೊದಲ ಹೆಸರೂ ಬರ್ರಾ. ಇಬ್ಬರಿಗೂ ಅವರು ಝೈನಬ್ ಎಂದು ಹೆಸರಿಟ್ಟರು. ಹ. ಜುವೈರಿಯಾರ(ರ) ಮೊದಲ ಹೆಸರೂ ಬರ್ರಾ ಆಗಿತ್ತು ಎಂದು ಸಹೀಹ್ ಮುಸ್ಲಿಮ್‌ನಲ್ಲಿದೆ.

ಮುಂದೆ ಹಲವು ವರ್ಷಗಳ ನಂತರ ಮುಹಮ್ಮದ್ ಬಿನ್ ಅಮ್ರ್ ಎಂಬವರು ತಮ್ಮ ಮಗಳಿಗೆ ಬರ್ರಾ ಎಂದು ಹೆಸರಿಟ್ಟರು. ಆಗ ಉಮ್ಮು ಸಲಮಾರ ಮಗಳು ಝೈನಬ್(ರ) ಅವರಿಗೆ ತಮ್ಮದೇ ಅನುಭವವನ್ನು ತಿಳಿಸಿದರು. ಈ ಹೆಸರನ್ನು ಪ್ರವಾದಿವರ್ಯರು(ಸ) ತಡೆದಿದ್ದಾರೆ. ತನ್ನ ಹೆಸರೂ ಅದೇ ಆಗಿತ್ತು. ನಿಮ್ಮನ್ನು ನೀವೇ ಪುಣ್ಯವಂತರೆಂದು ಹೊಗಳಿಕೊಳ್ಳಬೇಡಿ, ನಿಮ್ಮಲ್ಲಿ ಪುಣ್ಯವಂತರು ಯಾರೆಂಬುದನ್ನು ಅಲ್ಲಾಹನೇ ಚೆನ್ನಾಗಿ ಬಲ್ಲನು ಎಂದು ಅವರು ಹೇಳಿದ್ದರು. ಹಾಗಾದರೆ ಏನೆಂದು ಹೆಸರಿಡೋಣ ಎಂದು ಮನೆಯವರು ಕೇಳಿದಾಗ ಝೈನಬ್ ಎಂದು ಇಡಿರಿ ಎಂದಿದ್ದರು. ‘ಅನ್ನಜ್ಮ್’ ಅಧ್ಯಾಯದ 32ನೆಯ ಸೂಕ್ತದ ಆಶಯವೂ ಇದೇ ಆಗಿದೆ.

ಕನ್ನಡ ವ್ಯಾಕರಣದ ಪಾಠದಲ್ಲಿ ನಮ್ಮ ಮಕ್ಕಳು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಓದುತ್ತಾರೆ. ವ್ಯಕ್ತಿಯನ್ನು ಗುರುತಿಸಲು ಇಟ್ಟದ್ದು ಅಂಕಿತನಾಮ. ಅವರ ಗುಣಕ್ಕೋ ಕೆಲಸಕ್ಕೋ ತಕ್ಕಂತೆ ಬಂದದ್ದು ಅನ್ವರ್ಥನಾಮ. ತಂದೆತಾಯಿ ಮಗುವಿಗೆ ಕೊಡಬಲ್ಲದ್ದು ಅಂಕಿತನಾಮ ಮಾತ್ರ. ಅನ್ವರ್ಥನಾಮವನ್ನು ಅದು ಬೆಳೆದು ತನ್ನ ನಡತೆಯಿಂದ ಸಂಪಾದಿಸಬೇಕು. ‘ಪುಣ್ಯವತಿ’ ಎಂಬುದನ್ನು ತೊಟ್ಟಿಲಲ್ಲಿಯೇ ಕೊಟ್ಟುಬಿಟ್ಟರೆ ಸಂಪಾದಿಸಲು ಉಳಿಯುವುದೇನು? ‘ಹೆಸರಿಗೆ ಹೊನ್ನಹೊಳೆ, ಎಸರಿಗೆ ನೀರಿಲ್ಲ’ ಎಂಬ ಗಾದೆ ಹುಟ್ಟಿದ್ದು ಇಂಥ ಕಡೆಯಲ್ಲೇ.

ಪ್ರವಾದಿವರ್ಯರು(ಸ) ಆ ಹೊಗಳಿಕೆಯ ಹೆಸರನ್ನು ತೆಗೆದು ಒಂದು ಗಿಡದ ಹೆಸರನ್ನು ಇಟ್ಟರು. ಹಾಗೆ ಹೆಸರು ಪಡೆದವರೂ, ಅದೇ ಹೆಸರಿನ ಇತರರೂ ಮುಂದೆ ಹೇಗೆ ಬಾಳಿದರು ಎಂಬುದನ್ನು ನೋಡೋಣ.

ಬಾಗಿಲಲ್ಲಿ ನಿಂತ ಪ್ರಶ್ನೆ

ಮದೀನದಲ್ಲಿ ಝೈನಬ್ ಎಂಬ ಹೆಸರಿನವರು ಅನೇಕರಿದ್ದರು. ಒಂದು ದಿನ ಪ್ರವಾದಿವರ್ಯರು(ಸ) ಮಹಿಳೆಯರಿಗೆ ದಾನಧರ್ಮದ ಬಗ್ಗೆ ಉಪದೇಶಿಸಿದರು. ಅದನ್ನು ಕೇಳಿದವರಲ್ಲಿ ಹ. ಅಬ್ದುಲ್ಲಾಹ್ ಬಿನ್ ಮಸ್‌ಊದ್‌ರ(ರ) ಪತ್ನಿಯೂ ಇದ್ದರು. ಪತಿ ಬಡವರು. ಮನೆಯ ಖರ್ಚನ್ನೂ ತಮ್ಮ ಆರೈಕೆಯಲ್ಲಿದ್ದ ಅನಾಥ ಮಕ್ಕಳ ಖರ್ಚನ್ನೂ ಈ ಮಹಿಳೆಯೇ ನೋಡಿಕೊಳ್ಳುತ್ತಿದ್ದರು. ಇವರಿಗೆ ಖರ್ಚು ಮಾಡಿದ್ದು ದಾನವಾಗಿ ಪರಿಗಣಿತವಾಗುವುದೇ ಎಂಬ ಸಂದೇಹ ಅವರಿಗೆ ಬಂತು.

ಕೇಳಲೆಂದು ಪ್ರವಾದಿವರ್ಯರ(ಸ) ಮನೆ ಬಾಗಿಲಿಗೆ ಹೋದರು. ಅಲ್ಲಿ ಅನ್ಸಾರ್‌ಗಳ ಇನ್ನೊಬ್ಬ ಮಹಿಳೆ ಅದೇ ಪ್ರಶ್ನೆ ಹಿಡಿದು ನಿಂತಿದ್ದರು. ಅತ್ತ ಬಂದ ಹ. ಬಿಲಾಲ್‌ರ(ರ) ಬಳಿ, ನಮ್ಮ ಹೆಸರು ಹೇಳದೆ ಪ್ರಶ್ನೆ ಕೇಳಿ ಬನ್ನಿ ಎಂದು ಇಬ್ಬರೂ ವಿನಂತಿಸಿದರು. ಬಿಲಾಲ್(ರ) ಒಳಗೆ ಹೋಗಿ ಪ್ರಶ್ನೆ ಇಟ್ಟರು. ಕೇಳುತ್ತಿರುವವರು ಯಾರು ಎಂದು ಪ್ರವಾದಿವರ್ಯರು(ಸ) ವಿಚಾರಿಸಿದರು. ಅವರೇ ಕೇಳಿದ ಮೇಲೆ ಬಿಲಾಲ್(ರ) ಮರೆಮಾಚಲಿಲ್ಲ, ಝೈನಬ್ ಎಂದರು. ಆಗ ಪ್ರವಾದಿವರ್ಯರು(ಸ) ಮತ್ತೆ ಕೇಳಿದರು: ಯಾವ ಝೈನಬ್?

ಅಬ್ದುಲ್ಲಾಹ್‌ರ ಪತ್ನಿ ಎಂದು ತಿಳಿದ ಮೇಲೆ ಉತ್ತರ ಕೊಟ್ಟರು. ಆಕೆಗೆ ಎರಡು ಪ್ರತಿಫಲಗಳಿವೆ. ಒಂದು ಬಂಧುತ್ವದ ಹಕ್ಕು ಸಲ್ಲಿಸಿದ್ದಕ್ಕೆ, ಇನ್ನೊಂದು ದಾನಕ್ಕೆ (ಬುಖಾರಿ, ಮುಸ್ಲಿಮ್). ಕಡ್ಡಾಯ ಝಕಾತನ್ನು ಪತ್ನಿ ಪತಿಗೆ ಕೊಡಬಹುದೇ ಎಂಬಲ್ಲಿ ಹನಫೀ ಮತ್ತು ಶಾಫಿಈ ವಿದ್ವಾಂಸರಲ್ಲಿ ಅಭಿಪ್ರಾಯಭೇದವಿದೆ. ಐಚ್ಛಿಕ ದಾನದ ವಿಷಯದಲ್ಲಿ ಅಂಥ ಭೇದವಿಲ್ಲ. ದುಡಿದು ಮನೆ ನಡೆಸುವ ಮಹಿಳೆಯರಿಗೆ ಇದಕ್ಕಿಂತ ದೊಡ್ಡ ಸಮಾಧಾನದ ಮಾತು ಬೇರೆ ಬೇಕಿಲ್ಲ.

ಝೈನಬ್ ಎಂಬಷ್ಟರಿಂದ ಆ ಮಹಿಳೆಯ ಗುರುತು ಸಿಗಲಿಲ್ಲ ಎಂಬುದನ್ನು ಗಮನಿಸಿರಿ. ಅದೇ ಪ್ರಶ್ನೆಯನ್ನು ನಾವು ಇತರ ಝೈನಬರ ಬಗ್ಗೆಯೂ ಕೇಳಬಹುದು.

ಕಂಠಹಾರದ ಝೈನಬ್

ಪ್ರವಾದಿವರ್ಯರ(ಸ) ಹಿರಿಯ ಮಗಳು ಝೈನಬ್(ರ) ತಾಯಿಯ ಅಕ್ಕತಂಗಿಯರಲ್ಲೊಬ್ಬರಾದ ಹಾಲಾರ ಮಗ ಅಬುಲ್ ಆಸ್‌ರನ್ನು ವಿವಾಹವಾಗಿದ್ದರು. ಮಗಳು ಇಸ್ಲಾಮ್ ಸ್ವೀಕರಿಸಿದರು, ಅಳಿಯ ಸ್ವೀಕರಿಸಲಿಲ್ಲ. ಹಿಜರಿ 2ರಲ್ಲಿ (ಕ್ರಿ.ಶ. 624) ಬದ್ರ್‌ನಲ್ಲಿ ಅಬುಲ್ ಆಸ್ ಸೆರೆಯಾದರು. ಮಕ್ಕಾದಲ್ಲಿದ್ದ ಝೈನಬ್(ರ) ಪತಿಯ ಬಿಡುಗಡೆಗಾಗಿ ಕಳಿಸಿದ ಸಂಪತ್ತಿನಲ್ಲಿ ಒಂದು ಕಂಠಹಾರವಿತ್ತು. ಅದು ಮದುವೆಯ ದಿನ ಖದೀಜಾ(ರ) ಮಗಳಿಗೆ ತೊಡಿಸಿದ್ದ ಹಾರ. ಅದನ್ನು ಕಂಡು ಪ್ರವಾದಿವರ್ಯರ(ಸ) ಹೃದಯ ಕರಗಿತು. ಆದರೆ ತಾವೇ ತೀರ್ಮಾನಿಸದೆ, ನೀವು ಒಪ್ಪುವುದಾದರೆ ಸೆರೆಯಾಳನ್ನು ಬಿಟ್ಟು ಹಾರವನ್ನೂ ಹಿಂದಿರುಗಿಸಬಹುದು ಎಂದು ಅನುಚರರ ಮುಂದಿಟ್ಟರು. ಅವರು ಸಂತೋಷದಿಂದ ಒಪ್ಪಿದರು (ಅಬೂದಾವೂದ್).

ಬಿಡುಗಡೆಯಾದ ಅಬುಲ್ ಆಸ್ ಕೊಟ್ಟ ಮಾತಿನಂತೆ ಪತ್ನಿಯನ್ನು ಮದೀನಕ್ಕೆ ಕಳಿಸಿಕೊಟ್ಟರು. ದಾರಿಯಲ್ಲಿ ಶತ್ರುಗಳು ಅಡ್ಡಗಟ್ಟಿದ್ದರಿಂದ ಒಂಟೆಯಿಂದ ಬಿದ್ದು ಝೈನಬ್‌ರಿಗೆ(ರ) ಗರ್ಭಪಾತವಾಯಿತೆಂದು ಚರಿತ್ರೆಕಾರರು ಬರೆದಿದ್ದಾರೆ. ಕೆಲವು ವರ್ಷಗಳ ನಂತರ ಅಬುಲ್ ಆಸ್ ಆಶ್ರಯ ಕೋರಿ ರಾತ್ರಿ ಮದೀನಕ್ಕೆ ಬಂದರು. ಮರುದಿನ ಫಜ್ರ್ ನಮಾಝಿನ ಹೊತ್ತಿಗೆ ಮಹಿಳೆಯರ ಸಾಲಿನಿಂದ ಝೈನಬ್(ರ) ಗಟ್ಟಿಯಾಗಿ, ಅವರಿಗೆ ನಾನು ಅಭಯ ಕೊಟ್ಟಿದ್ದೇನೆ ಎಂದು ಸಾರಿದರು. ಒಬ್ಬ ಮಹಿಳೆ ಕೊಟ್ಟ ಆ ಅಭಯವನ್ನು ಇಡೀ ಮದೀನ ಮಾನ್ಯ ಮಾಡಿತು. ಅಬುಲ್ ಆಸ್ ಮಕ್ಕಾಕ್ಕೆ ಹೋಗಿ ಜನರು ಒಪ್ಪಿಸಿದ್ದ ಸರಕನ್ನೆಲ್ಲ ಲೆಕ್ಕ ತಪ್ಪದೆ ಹಿಂದಿರುಗಿಸಿ, ಆ ಬಳಿಕ ಇಸ್ಲಾಮ್ ಸ್ವೀಕರಿಸಿ ಮರಳಿದರು.

ಹಿಜರಿ 8ರಲ್ಲಿ ಝೈನಬ್(ರ) ತೀರಿಕೊಂಡರು. ಅವರನ್ನು ಸ್ನಾನ ಮಾಡಿಸಿದ ಹ. ಉಮ್ಮು ಅತಿಯ್ಯಾರಿಗೆ(ರ) ಪ್ರವಾದಿವರ್ಯರು(ಸ) ಕೊಟ್ಟ ಸೂಚನೆಗಳೇ ಇಂದಿಗೂ ಮಯ್ಯಿತ್ ಸ್ನಾನದ ನಿಯಮಗಳಿಗೆ ಆಧಾರ. ಬಲಭಾಗದಿಂದ ಆರಂಭಿಸುವುದು, ಬೆಸ ಸಂಖ್ಯೆಯಲ್ಲಿ ತೊಳೆಯುವುದು, ಕೊನೆಯ ಬಾರಿ ಕರ್ಪೂರ ಸೇರಿಸುವುದು ಎಲ್ಲವೂ ಅಲ್ಲಿಂದ ಬಂದದ್ದು. ತಮ್ಮ ಸೊಂಟದ ವಸ್ತ್ರವನ್ನೇ ಬಿಚ್ಚಿಕೊಟ್ಟು ಮೊದಲು ಇದನ್ನು ಮಗಳ ಮೈಗೆ ಹೊದಿಸಿ ಎಂದರು. ತಾಯಿಯಿಲ್ಲದ ಮೊಮ್ಮಗಳು ಉಮಾಮಾ ಅಜ್ಜನ ಹೆಗಲೇರಿ ಬೆಳೆಯಿತು. ಆ ಮಗುವನ್ನು ಹೊತ್ತೇ ಅವರು ನಮಾಝ್ ಮಾಡಿದ್ದನ್ನು, ಸುಜೂದಿಗೆ ಹೋಗುವಾಗ ಇಳಿಸಿ ಏಳುವಾಗ ಮತ್ತೆ ಎತ್ತಿಕೊಂಡದ್ದನ್ನು ಬುಖಾರಿಯಲ್ಲಿ ಓದುತ್ತೇವೆ.

ಬಡವರ ತಾಯಿ, ಉದ್ದ ಕೈಯ ಒಡತಿ

ಸತ್ಯವಿಶ್ವಾಸಿಗಳ ಮಾತೆಯರಲ್ಲಿ ಇಬ್ಬರು ಝೈನಬರಿದ್ದಾರೆ. ಹ. ಝೈನಬ್ ಬಿನ್ತ್ ಖುಝೈಮಾ(ರ) ಅಜ್ಞಾನಕಾಲದಲ್ಲೇ ಬಡವರಿಗೆ ಉಣಬಡಿಸುತ್ತಿದ್ದವರು. ಜನರು ಅವರನ್ನು ‘ಉಮ್ಮುಲ್ ಮಸಾಕೀನ್’ ಎಂದರು, ಬಡವರ ತಾಯಿ ಎಂದರ್ಥ. ಪ್ರವಾದಿವರ್ಯರನ್ನು(ಸ) ವಿವಾಹವಾಗಿ ಕೆಲವೇ ತಿಂಗಳಲ್ಲಿ ಅವರು ತೀರಿಕೊಂಡರು. ತಂದೆತಾಯಿ ಇಟ್ಟ ಹೆಸರಿನ ಜೊತೆ ಹಸಿದವರು ಇಟ್ಟ ಹೆಸರೂ ಚರಿತ್ರೆಯಲ್ಲಿ ನಿಂತಿತು. ಅನ್ವರ್ಥನಾಮ ಎಂದರೆ ಇದೇ.

ಇನ್ನೊಬ್ಬರು ಹ. ಝೈನಬ್ ಬಿನ್ತ್ ಜಹಶ್(ರ), ಪ್ರವಾದಿವರ್ಯರ(ಸ) ಸೋದರತ್ತೆ ಉಮೈಮಾರ ಮಗಳು. ಬರ್ರಾ ಎಂಬ ಹೆಸರನ್ನು ಬಿಟ್ಟುಕೊಟ್ಟವರಲ್ಲಿ ಒಬ್ಬರು. ನನ್ನನ್ನು ಮೊದಲು ಸೇರುವವಳು ನಿಮ್ಮಲ್ಲಿ ಅತ್ಯಂತ ಉದ್ದ ಕೈಯವಳು ಎಂದು ಪ್ರವಾದಿವರ್ಯರು(ಸ) ಪತ್ನಿಯರಿಗೆ ಹೇಳಿದ್ದರು. ಅವರು ಕೈಗಳನ್ನು ಅಳೆದು ನೋಡಿಕೊಂಡರು. ಆದರೆ ಮೊದಲು ತೀರಿಕೊಂಡವರು ಝೈನಬ್(ರ). ಅವರು ಸ್ವಂತ ಕೈಯಿಂದ ದುಡಿದು ದಾನ ಮಾಡುತ್ತಿದ್ದರು, ಕೈ ಉದ್ದ ಎಂದರೆ ಕೊಡುಗೈ ಎಂಬುದು ಆಗ ತಿಳಿಯಿತು ಎಂದು ಹ. ಆಯಿಶಾ(ರ) ವಿವರಿಸಿದ್ದಾರೆ (ಮುಸ್ಲಿಮ್). ತೊಗಲು ಹದ ಮಾಡುವುದು, ಹೊಲಿಯುವುದು ಅವರ ಕಸುಬು. ಹ. ಉಮರ್(ರ) ತಮ್ಮ ಆಡಳಿತದಲ್ಲಿ ಅವರಿಗೆ 12,000 ದಿರ್ಹಮ್‌ಗಳ ವಾರ್ಷಿಕ ವೇತನ ಕಳಿಸಿದಾಗ ಅದನ್ನೆಲ್ಲ ಬಂಧುಗಳಿಗೂ ಅನಾಥರಿಗೂ ಹಂಚಿಬಿಟ್ಟರು. ಹಿಜರಿ 20ರಲ್ಲಿ ನಿಧನರಾದರು.

ಅವರ ಬಾಳಿನ ಇನ್ನೊಂದು ಘಟನೆ ನಮ್ಮ ಮನೆಗಳಿಗೆ ಬಹಳ ಅಗತ್ಯ. ಹ. ಆಯಿಶಾರ(ರ) ಮೇಲೆ ಕಪಟಿಗಳು ಸುಳ್ಳು ಅಪವಾದ ಹೊರಿಸಿದ ದಿನಗಳು. ಝೈನಬರ(ರ) ಸ್ವಂತ ಸೋದರಿ ಹಮ್ನಾ ಕೂಡ ಆ ಮಾತನ್ನು ಆಡಿದ್ದರು. ಪತ್ನಿಯರಲ್ಲಿ ಆಯಿಶಾರಿಗೆ(ರ) ಸರಿಸಾಟಿಯಾಗಿ ನಿಲ್ಲುತ್ತಿದ್ದವರು ಝೈನಬರೇ(ರ). ಒಂದು ಸಂಶಯದ ಮಾತು ಸಾಕಿತ್ತು. ಆದರೆ ಪ್ರವಾದಿವರ್ಯರು(ಸ) ವಿಚಾರಿಸಿದಾಗ ಅವರು, ನನ್ನ ಕಿವಿಯನ್ನೂ ಕಣ್ಣನ್ನೂ ನಾನು ಕಾಪಾಡಿಕೊಳ್ಳುತ್ತೇನೆ, ಆಕೆಯ ಬಗ್ಗೆ ಒಳ್ಳೆಯದನ್ನಲ್ಲದೆ ಬೇರೇನನ್ನೂ ಅರಿಯೆ ಎಂದರು. ಇದನ್ನು ನಮಗೆ ತಿಳಿಸಿದವರು ಆಯಿಶಾರೇ(ರ). ದೇವಭಯದಿಂದಾಗಿ ಅಲ್ಲಾಹನು ಅವರನ್ನು ಕಾಪಾಡಿದನು ಎಂದೂ ಅವರು ಹೇಳಿದ್ದಾರೆ (ಬುಖಾರಿ, ಮುಸ್ಲಿಮ್). ಪುಣ್ಯವತಿ ಎಂಬ ಹೆಸರು ಹೋಯಿತು, ಪುಣ್ಯ ಉಳಿಯಿತು.

ಮಾತಿನ ಬಲ, ಜ್ಞಾನದ ಬಲ

ಹ. ಅಲೀ(ರ) ಮತ್ತು ಹ. ಫಾತಿಮಾರ(ರ) ಮಗಳು ಝೈನಬ್(ರ) ದೊಡ್ಡಮ್ಮನ ಹೆಸರನ್ನೇ ಹೊತ್ತವರು. ಹಿಜರಿ 61ರ (ಕ್ರಿ.ಶ. 680) ಮುಹರ್ರಮ್ 10ರಂದು ಕರ್ಬಲಾದಲ್ಲಿ ಸಹೋದರ ಹ. ಹುಸೈನ್(ರ) ಹುತಾತ್ಮರಾದಾಗ ಅವರು ಅಲ್ಲಿದ್ದರು. ಉಳಿದ ಮಹಿಳೆಯರನ್ನೂ ಮಕ್ಕಳನ್ನೂ ಸೆರೆ ಹಿಡಿದು ಕೂಫಾಕ್ಕೆ ಒಯ್ಯಲಾಯಿತು. ಅಲ್ಲಿ ಕಾಯಿಲೆಯಲ್ಲಿದ್ದ ಹುಸೈನರ ಮಗ ಅಲೀ ಝೈನುಲ್ ಆಬಿದೀನರನ್ನು ಕೊಲ್ಲಲು ರಾಜ್ಯಪಾಲ ಇಬ್ನು ಝಿಯಾದ್ ಆಜ್ಞಾಪಿಸಿದಾಗ, ಝೈನಬ್(ರ) ಅವರನ್ನು ತಬ್ಬಿ ಹಿಡಿದು, ಕೊಲ್ಲುವುದಾದರೆ ನನ್ನನ್ನೂ ಕೊಲ್ಲು ಎಂದರೆಂದು ಚರಿತ್ರೆಕಾರ ತಬರೀ ಬರೆದಿದ್ದಾರೆ. ಆ ಯುವಕ ಉಳಿದರು, ಹುಸೈನರ ವಂಶ ಅವರಿಂದ ಮುಂದುವರಿಯಿತು. ದಮಾಸ್ಕಸ್‌ನಲ್ಲಿ ಯಝೀದನ ಆಸ್ಥಾನದಲ್ಲೂ ಝೈನಬ್(ರ) ತಲೆ ತಗ್ಗಿಸದೆ ಮಾತಾಡಿದರು.

ಉಮ್ಮು ಸಲಮಾರ(ರ) ಮಗಳು ಝೈನಬ್(ರ) ಬೆಳೆದದ್ದು ಪ್ರವಾದಿವರ್ಯರ(ಸ) ಮನೆಯಲ್ಲಿ. ತಮ್ಮ ಕಾಲದ ಮದೀನದ ಮಹಿಳೆಯರಲ್ಲಿ ಧರ್ಮಶಾಸ್ತ್ರವನ್ನು ಅತಿ ಚೆನ್ನಾಗಿ ಬಲ್ಲವರೆಂದು ಅವರು ಖ್ಯಾತರಾದರು. ಬರ್ರಾ ಎಂದು ಹೆಸರಿಟ್ಟ ತಂದೆಯನ್ನು ತಿದ್ದಿದವರು ಇವರೇ ಎಂಬುದು ನಿಮಗೆ ನೆನಪಿರಬಹುದು.

ಈ ಪರಂಪರೆ ಮುಂದೆಯೂ ಸಾಗಿತು. ದಮಾಸ್ಕಸ್‌ನ ಝೈನಬ್ ಬಿನ್ತ್ ಅಲ್ ಕಮಾಲ್ (ಹಿಜರಿ 646-740, ಕ್ರಿ.ಶ. 1248-1339) ದೊಡ್ಡ ಹದೀಸ್ ವಿದುಷಿ. ಅವಿವಾಹಿತರಾಗಿಯೇ ಉಳಿದು, ತೊಂಬತ್ತು ದಾಟಿದ ಮೇಲೂ ಪಾಠ ಹೇಳಿದರು. ಅವರ ಬಳಿ ಒಂದು ಒಂಟೆ ಹೊರುವಷ್ಟು ಹದೀಸ್ ಗ್ರಂಥಭಾಗಗಳಿಗೆ ಇಜಾಝತ್, ಅಂದರೆ ಬೋಧಿಸುವ ಅನುಮತಿ, ಇತ್ತೆಂದೂ, ವಿದ್ಯಾರ್ಥಿಗಳು ದಿನದ ಹೆಚ್ಚಿನ ಹೊತ್ತು ಅವರೆದುರು ಕುಳಿತು ಓದಿದರೂ ತಾಳ್ಮೆಗೆಡುತ್ತಿರಲಿಲ್ಲವೆಂದೂ ಅವರ ಚರಿತ್ರೆಯಲ್ಲಿದೆ.

1326ರಲ್ಲಿ ದಮಾಸ್ಕಸ್‌ಗೆ ಬಂದ ಪ್ರಸಿದ್ಧ ಪ್ರವಾಸಿ ಇಬ್ನು ಬತೂತ ತನಗೆ ಇಜಾಝತ್ ಕೊಟ್ಟವರಲ್ಲಿ ಈ ಝೈನಬರನ್ನೂ ಹೆಸರಿಸಿದ್ದಾರೆ. ಅದೇ ಇಬ್ನು ಬತೂತ 1340ರ ದಶಕದ ಆರಂಭದಲ್ಲಿ ನಮ್ಮ ಕರಾವಳಿಯ ಹೊನ್ನಾವರಕ್ಕೆ ಬಂದರು. ಅಲ್ಲಿಯ ಮಹಿಳೆಯರು ಕುರ್‌ಆನ್ ಕಂಠಪಾಠ ಮಾಡಿದ್ದರು, ಹುಡುಗಿಯರಿಗೆ 13 ಮತ್ತು ಹುಡುಗರಿಗೆ 23 ಪಾಠಶಾಲೆಗಳಿದ್ದವು, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ ಎಂದು ತಮ್ಮ ಪ್ರವಾಸ ಕಥನದಲ್ಲಿ ದಾಖಲಿಸಿದರು. ವಿದುಷಿಯೊಬ್ಬರಿಂದ ಅನುಮತಿ ಪಡೆದ ವ್ಯಕ್ತಿ ಹೊನ್ನಾವರದ ಹುಡುಗಿಯರ ಶಾಲೆಗಳನ್ನು ಎಣಿಸಿದ್ದು ಆಶ್ಚರ್ಯವೇನಲ್ಲ. ಹೆಣ್ಣುಮಕ್ಕಳಿಗೆ ಹೆಚ್ಚು ಓದೇಕೆ ಎಂದು ಕೇಳುವವರು ನಮ್ಮದೇ ಕರಾವಳಿಯ ಈ ಚರಿತ್ರೆಯನ್ನು ತಿಳಿದಿರಬೇಕು.

ನಮಗಿರುವ ಪಾಠ

ಹೆಸರಿಡುವಾಗ ಒಳ್ಳೆಯ ಅರ್ಥವನ್ನು ನೋಡಬೇಕು, ನಿಜ. ಆದರೆ ಅರ್ಥ ದೊಡ್ಡದಾದಷ್ಟೂ ಮಗು ದೊಡ್ಡವಳಾಗುತ್ತಾಳೆ ಎಂಬ ಭ್ರಮೆ ಬೇಡ. ಊರಿನಲ್ಲಿ ಇನ್ನಾರಿಗೂ ಇಲ್ಲದ ಹೆಸರೇ ಬೇಕೆಂಬ ಹಟವೂ ಬೇಡ. ಮದೀನದ ಒಂದೇ ಊರಿನಲ್ಲಿ ಅನೇಕ ಝೈನಬರಿದ್ದರು, ಒಬ್ಬರೂ ಇನ್ನೊಬ್ಬರ ನೆರಳಿನಲ್ಲಿ ಮರೆಯಾಗಲಿಲ್ಲ. ಒಬ್ಬರನ್ನು ಕೊಡುಗೈಯಿಂದ, ಒಬ್ಬರನ್ನು ಅಭಯದಿಂದ, ಇನ್ನೊಬ್ಬರನ್ನು ಜ್ಞಾನದಿಂದ ನಾವು ಗುರುತಿಸುತ್ತೇವೆ.

ಇಟ್ಟ ಹೆಸರನ್ನು ಸರಿಯಾಗಿ ಬರೆಸುವುದೂ ತಂದೆತಾಯಿಯ ಕರ್ತವ್ಯ. ಜನನ ಪತ್ರದಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು, ಪಡಿತರ ಚೀಟಿಯಲ್ಲಿ ಮತ್ತೊಂದು ರೂಪವಾದರೆ ಮುಂದೆ ಅಲೆಯಬೇಕಾದವಳು ಆ ಮಗಳೇ.

ಅದಕ್ಕಿಂತ ದೊಡ್ಡ ಕರ್ತವ್ಯವೆಂದರೆ ಹೆಸರಿನ ಹಿಂದಿನ ಬಾಳನ್ನು ಮಗುವಿಗೆ ತಿಳಿಸುವುದು. ನಿಮ್ಮ ಮನೆಯಲ್ಲಿ ಝೈನಬ್ ಇದ್ದರೆ ಈ ಕಥೆಗಳನ್ನು ಅವಳಿಗೆ ಹೇಳಿರಿ. ಖದೀಜಾ, ಸಫಿಯ್ಯಾ, ಅಸ್ಮಾ, ಸುಮಯ್ಯಾ ಇದ್ದರೆ ಆ ಹೆಸರಿನವರ ಕಥೆಗಳನ್ನು ಹುಡುಕಿ ಹೇಳಿರಿ. ಬರೀ ಕಥೆ ಹೇಳಿದರೆ ಸಾಲದು. ಓದುವ ಅವಕಾಶ, ದುಡಿದದ್ದನ್ನು ತನ್ನ ಇಷ್ಟದಂತೆ ದಾನ ಮಾಡುವ ಸ್ವಾತಂತ್ರ್ಯ, ಮನೆಯಲ್ಲಿ ತನ್ನ ಮಾತಿಗೆ ಬೆಲೆ ಇವು ಆ ಝೈನಬರಿಗೆ ದೊರೆತಿದ್ದವು. ಅವುಗಳನ್ನು ತಡೆದು ಹೆಸರನ್ನಷ್ಟೇ ಕೊಟ್ಟರೆ ಅದು ಅರ್ಧ ಕೊಡುಗೆ.

ನಾಳೆ ನಿಮ್ಮ ಮಗಳ ಹೆಸರು ಕೇಳಿದವರು ‘ಯಾವ ಝೈನಬ್?’ ಎನ್ನಬಹುದು. ಆಗ ಇಂಥವರ ಮಗಳು, ಇಂಥವರ ಪತ್ನಿ ಎಂಬುದರ ಜೊತೆಗೆ ಅವಳ ಒಂದು ಒಳ್ಳೆಯ ಕೆಲಸವನ್ನೂ ಜನರು ನೆನೆಯುವಂತಾಗಲಿ. ನಮ್ಮ ಮಕ್ಕಳಿಗೆ ಅಲ್ಲಾಹನು ಅಂಥ ಬಾಳನ್ನು ಅನುಗ್ರಹಿಸಲಿ. ಆಮೀನ್.